ಮಾವನ ತೆಂಗಿನಕಾಯಿ ಮತ್ತು ಕಬ್ಬಿಣದ ಗೇಟು

ಒಂದೇ ಒಂದು ತೆಂಗಿನಕಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕು ತಿರುಗಿದ ಮನುಷ್ಯ ಇಡೀ ಜಿಲ್ಲೆಯಲ್ಲಿ ನನ್ನ ಸೋದರಮಾವ ಒಬ್ಬರೇ ಎಂದು ಬೇಕಾದರೆ ಛಾಪಾ ಕಾಗದದಲ್ಲಿ ಬರೆದುಕೊಡುತ್ತೇನೆ. ತಿರುಗಿದ್ದು ದೇವಸ್ಥಾನಗಳಿಗಲ್ಲ, ವೆಲ್ಡಿಂಗ್ ಶಾಪುಗಳಿಗೆ! ತಿರುಗಿಸಿದ ಸ್ಕೂಟರು ನನ್ನದು. ಹಾಗಾಗಿ ಸಾಕ್ಷಿಯೂ ನಾನೇ.

ಮಾವನ ಮನೆ ಮೆಲ್ಕಾರಿನ ಹತ್ತಿರ. ಹೆದ್ದಾರಿ ಅಗಲ ಮಾಡುವಾಗ ಮನೆಯೆದುರಿನ ಕೆಂಪುಕಲ್ಲಿನ ಕಂಪೌಂಡು ಹೋಯಿತು. ಈಗ ಅವರ ಜಗಲಿಯಿಂದ ಇಳಿದು ಹದಿನೈದು ಹೆಜ್ಜೆ ಇಟ್ಟರೆ ಗ್ಯಾಸ್ ಟ್ಯಾಂಕರಿನ ಚಕ್ರ. ಮಸ್ಕತ್ತಿನಲ್ಲಿರುವ ಮಗಳು ವಿಡಿಯೋ ಕಾಲಿನಲ್ಲಿ ಇದನ್ನು ನೋಡಿದವಳೇ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ಅಪ್ಪ, ಬೇಲಿ, ಗೇಟು ಆಗದೆ ನಾನು ಮಗುವನ್ನು ಕರ್ಕೊಂಡು ಬರುವುದಿಲ್ಲ. ಇವಳು ಈಗ ನಡೆಯುವುದಲ್ಲ, ಓಡುವುದು."

ಮೊಮ್ಮಗಳಿಗೆ, ನಮ್ಮ ಕಡೆಯ ಮಾತಿನಲ್ಲಿ ಪುಳ್ಳಿಗೆ, ಆಗ ಒಂದೂವರೆ ವರ್ಷ. ಹುಟ್ಟಿದ್ದೂ ಅಲ್ಲೇ. ಬಾಣಂತನಕ್ಕೆ ಅತ್ತೆ ಹೋಗಿ ಬಂದಿದ್ದರು. ಮಾವ ಹೋಗಿರಲಿಲ್ಲ. "ಒಮ್ಮೆ ಹತ್ತಿ ನೋಡಿ, ಸರಿಯಾಗದಿದ್ದರೆ ಇಳಿಯುವ ಎಂದರೆ ವಿಮಾನದವರು ಬಿಡ್ತಾರಾ?" ಎಂಬುದು ಅವರ ಪ್ರಶ್ನೆ. ಹಾಗಾಗಿ ಅವರು ಆ ಮಗುವನ್ನು ಫೋನಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಗೇಟು ಆದರೆ ಮೊಮ್ಮಗಳು ಬರುತ್ತಾಳೆ, ಆಗದಿದ್ದರೆ ಇಲ್ಲ. ವಿಷಯ ಇಷ್ಟೇ. ಬೇರೆಯವರಾಗಿದ್ದರೆ ಮರುದಿನವೇ ಯಾರನ್ನಾದರೂ ಕರೆದು ಕೆಲಸ ಮುಗಿಸುತ್ತಿದ್ದರು.

ಆದರೆ ಮಾವ ದರ್ಜಿ! ವಿಟ್ಲದ ಪೇಟೆಯಲ್ಲಿ ನಲವತ್ತು ವರ್ಷ ಹೊಲಿದವರು. ಅಂಗಡಿ ಮುಚ್ಚಿ ವರ್ಷಗಳಾದರೂ ಕುತ್ತಿಗೆಯ ಟೇಪು ಇಳಿದಿಲ್ಲ. ಊಟಕ್ಕೂ ಅದೇ, ಮದುವೆಗೂ ಅದೇ. ಟ್ರಯಲ್ ನೋಡದೆ ಒಂದು ರವಕೆಯನ್ನೂ ಅವರು ಪೂರ್ತಿ ಹೊಲಿದು ಕೊಟ್ಟವರಲ್ಲ. ಇನ್ನು ಗೇಟು ಬಿಡುತ್ತಾರೆಯೇ?

ಮೊದಲನೆಯದು ಅಳತೆ. ಸರಳುಗಳ ನಡುವೆ ಮಗು ತಲೆ ತೂರಿಸಬಾರದು. ಮಗಳು ಅಲ್ಲಿ ಮಗುವಿನ ತಲೆಯ ಆಚೆ ಈಚೆ ಎರಡು ಪುಸ್ತಕ ಹಿಡಿದು, ನಡುವಿನ ಅಂತರ ಅಳೆದು ಹೇಳಿದಳು, ಐದು ಇಂಚು. ಮಾವ ನೆಟ್ಟಗೆ ಸಂತೆಗೆ ಹೋದರು. ಕಾಯಿಯ ರಾಶಿಯೆದುರು ಕುಕ್ಕರಗಾಲಿನಲ್ಲಿ ಕೂತು ಒಂದೊಂದಕ್ಕೂ ಟೇಪು ಹಿಡಿದು, ಸರಿಯಾಗಿ ಐದು ಇಂಚು ಅಗಲದ್ದೊಂದನ್ನು ಆರಿಸಿದರು. "ಸಾರಿಗೆ ಬೇಕಾದರೆ ಯಾವುದಾದ್ರೂ ಆಗ್ತದಲ್ಲ ಮಾರಾಯ್ರೆ!" ಎಂದು ಅಂಗಡಿಯವ ಗೊಣಗಿದ.

"ಟೇಪೇ ಉಂಟಲ್ಲ ಮಾವ, ಕಾಯಿ ಯಾಕೆ?" ಎಂದು ನಾನೂ ಕೇಳಿದೆ.

"ಟೇಪು ಅಳತೆ ಹೇಳ್ತದೆ. ಟ್ರಯಲಿಗೆ ಮೈ ಬೇಕು ಮಾರಾಯ."

ಅಂದಿನಿಂದ ನಮ್ಮ ಸವಾರಿ ಶುರು. ಪ್ರತಿ ಭಾನುವಾರ ನಾನು ಮುಂದೆ, ಮಾವ ಹಿಂದೆ, ನಡುವೆ ನನ್ನ ಬೆನ್ನಿಗೊತ್ತುವ ಕಾಯಿ. ಅದನ್ನು ಚೀಲಕ್ಕೆ ಹಾಕಿ ಎಂದರೆ ಕೇಳಬೇಕಲ್ಲ! ಚಾ ಕುಡಿಯುವಾಗಲೂ ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಅಂಗೈ ಇಟ್ಟೇ ಕೂರುವರು. ಉರುಳಿ ಹೋದೀತೆಂಬ ಭಯ ಎಂದುಕೊಂಡಿದ್ದೆ.

ಮೂಡುಬಿದಿರೆಯ ಒಬ್ಬ ವೆಲ್ಡಿಂಗಿನವನು ಫೋನಿನಲ್ಲಿ ಇನ್ನೂರು ಡಿಸೈನ್ ತೋರಿಸಿದ. ಬಳ್ಳಿ, ನವಿಲು, ಸೂರ್ಯ. ಅಂಗಳದಲ್ಲಿ ಒರಗಿಸಿಟ್ಟಿದ್ದ ಬಳ್ಳಿಯ ಗೇಟು ನನಗಂತೂ ಹಿಡಿಸಿತು. ಮಾವ ಬಳ್ಳಿಯ ಸುರುಳಿಯೊಳಗೆ ಕಾಯಿ ಇಟ್ಟು ತಳ್ಳಿದರು. ಕಾಯಿ ಸಲೀಸಾಗಿ ಆಚೆ ಬಿತ್ತು. "ಫೇಲ್" ಎಂದರು. ವೆಲ್ಡಿಂಗಿನವನು ಕಾಯಿಯನ್ನು ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ಕೇಳಿದ: "ನಿಮ್ಮಲ್ಲಿ ಕಾಯಿ ಕದಿಯುವವರು ಅಷ್ಟು ಜಾಸ್ತಿಯಾ?"

ಬೆಳ್ತಂಗಡಿಯ ಕಡೆಯದ್ದು ಇನ್ನೂ ಫಜೀತಿ. ಅಲ್ಲೊಬ್ಬರ ಕೆಲಸ ಚೆನ್ನಾಗಿದೆ, ನಾರಾವಿಯಲ್ಲಿ ಒಂದು ಮನೆಗೆ ಅವರೇ ಮಾಡಿದ್ದು ಎಂದು ಗೊತ್ತಾಯಿತು. ಹೋಗಿ ನೋಡುವ ಎಂದರು ಮಾವ. ಹೋದೆವು. ಮನೆಯವರನ್ನು ಕರೆಯುವ ಮೊದಲೇ ಮಾವ ಗೇಟಿನ ಬುಡದಲ್ಲಿ ಕೂತು ಸರಳುಗಳ ನಡುವೆ ಕಾಯಿ ಒತ್ತತೊಡಗಿದರು. ಒಳಗಿನಿಂದ ಒಬ್ಬಾಕೆ ಬಂದವರು ಅದನ್ನು ನೋಡಿ ಹೌಹಾರಿದರು. "ಇಕಾ, ಬೇಗ ಬನ್ನಿ! ಯಾರೋ ಮಾಟ ಮಾಡ್ತಾ ಇದ್ದಾರೆ!"

ಗಂಡ ದೊಣ್ಣೆ ಹಿಡಿದು ಬಂದರು. ನಾನು ಹೆಲ್ಮೆಟ್ ತೆಗೆದು, ಕೈಮುಗಿದು, ತುಳುವಿನಲ್ಲಿ ಮೆಲ್ಕಾರಿನಿಂದ ಮಸ್ಕತ್ತಿನವರೆಗಿನ ಚರಿತ್ರೆಯೆಲ್ಲ ಹೇಳಿದ ಮೇಲೆ ದೊಣ್ಣೆ ಕೆಳಗಿಳಿಯಿತು. ಬೆಲ್ಲ, ನೀರೂ ಸಿಕ್ಕಿತು. ಮಾವ ಬೆಲ್ಲ ಬಾಯಿಗೆ ಹಾಕಿಕೊಂಡು ಆ ಹೆಂಗಸಿಗೆ ಹೇಳಿದರು: "ನಿಮ್ಮ ಗೇಟು ಪಾಸಮ್ಮ. ಆದರೆ ಬೀಗದ ಹತ್ತಿರ ಸ್ವಲ್ಪ ಅಗಲ ಉಂಟು, ನೋಡಿಕೊಳ್ಳಿ." ಆ ಬೀಗದ ಸಂದಿನ ದೆಸೆಯಿಂದ ಅದನ್ನು ಮಾಡಿದವರನ್ನೂ ಅಲ್ಲಿಗೇ ಬಿಟ್ಟೆವು.

ಹೀಗೆ ಮೂರು ತಿಂಗಳು. ಕೊನೆಗೆ ಬಂಟ್ವಾಳದಲ್ಲಿ ಒಬ್ಬ ತಾಳ್ಮೆಯ ಮನುಷ್ಯ ಸಿಕ್ಕಿದರು. ನಾಲ್ಕು ಇಂಚು ಅಂತರ, ನೇರ ಸರಳು, ಬಳ್ಳಿ ಇಲ್ಲ, ನವಿಲು ಇಲ್ಲ. ಮೊದಲು ಅಲ್ಲಲ್ಲಿ ಒಂದೊಂದು ಚುಕ್ಕೆ ವೆಲ್ಡಿಂಗ್ ಹಾಕಿ ನಿಲ್ಲಿಸುವುದು, ಮಾವ ಟ್ರಯಲ್ ನೋಡಿದ ಮೇಲೆಯೇ ಗಟ್ಟಿ ಮಾಡುವುದು ಎಂದು ಒಪ್ಪಂದವಾಯಿತು. ಮಾವ ಖುಷಿಯಲ್ಲಿ ಕಾಯಿಯನ್ನು ಅವರ ಮೇಜಿನ ಮೇಲಿಟ್ಟು, ಆ ಮೂರು ತಿಂಗಳಲ್ಲಿ ಮೊದಲ ಬಾರಿ ಬರಿಗೈಯಲ್ಲಿ ಚಾ ಕುಡಿಯಲು ಬಂದರು.

ಮರಳಿ ಬರುವಾಗ ಊದುಬತ್ತಿಯ ಪರಿಮಳ. ಕಬ್ಬಿಣದ ರಾಶಿಯ ಮೇಲೆ ಕುಂಕುಮ. ಅದರೆದುರು ಬಾಳೆಲೆಯಲ್ಲಿ ನಮ್ಮ ಕಾಯಿ, ಎರಡು ಹೋಳಾಗಿ!

"ಕೆಲಸ ಶುರು ಮಾಡ್ಲಿಕ್ಕೆ ನೀವೇ ಕಾಯಿ ತಂದದ್ದು ಒಳ್ಳೆದಾಯ್ತು. ಚಂದ ಒಡೆಯಿತು," ಎಂದರು ವೆಲ್ಡಿಂಗಿನವರು ನಗುತ್ತ. ಅವರದೇನು ತಪ್ಪು? ಗಿರಾಕಿ ಕಾಯಿ ತಂದು ಮೇಜಿನ ಮೇಲಿಟ್ಟರೆ ನಮ್ಮಲ್ಲಿ ಯಾರಾದರೂ ಮಾಡುವುದು ಅದನ್ನೇ.

ಮಾವ ತಲೆ ಮೇಲೆ ಕೈ ಹೊತ್ತರು. "ಎಂತ ಮಾಡಿದ್ದು ಮಾರಾಯ್ರೆ! ಅದು ನನ್ನ ಪುಳ್ಳಿಯ ತಲೆ!"

ಆ ಮನುಷ್ಯನ ಮುಖ ಬಿಳಿಚಿಕೊಂಡದ್ದನ್ನು ನಾನು ಇನ್ನೂ ಮರೆತಿಲ್ಲ.

ಮನೆಗೆ ಬಂದು ಮಗಳಿಗೆ ಮತ್ತೆ ಫೋನು. ಮತ್ತೆ ಎರಡು ಪುಸ್ತಕ. ಈ ಸಲ ಐದು ಇಂಚಿನ ಮೇಲೆ ಒಂದು ನೂಲು. ಎಂದರೆ ಇಂಚಿನ ಎಂಟನೇ ಒಂದು ಪಾಲು.

"ಒಂದು ನೂಲು ಜಾಸ್ತಿ ಆಗಿದೆ," ಎಂದರು ಮಾವ.

ಅತ್ತೆ ಅಡುಗೆಮನೆಯಿಂದಲೇ ಹೇಳಿದರು: "ಇನ್ನೂ ಹುಡುಕಿ ನೀವು. ಹೀಗೇ ಹುಡುಕುತ್ತಾ ಇದ್ದರೆ ಅವಳ ತಲೆ ಯಾವ ಗೇಟಿನಲ್ಲೂ ಹೋಗದಷ್ಟು ದೊಡ್ಡದಾಗ್ತದೆ. ಆಮೇಲೆ ಗೇಟೇ ಬೇಡ."

ನಾನು ನಕ್ಕೆ. ಮಾವ ನಗಲಿಲ್ಲ. ಟೇಪಿನಲ್ಲಿ ಆ ಒಂದು ನೂಲನ್ನು ಉಗುರಿನಿಂದ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಬಂಟ್ವಾಳಕ್ಕೆ ಫೋನು ಮಾಡಿ, "ಟ್ರಯಲ್ ಬೇಡ. ಹೊಲಿದುಬಿಡಿ," ಎಂದರು.

ಎರಡೇ ವಾರದಲ್ಲಿ ಬೇಲಿಯೂ ಗೇಟೂ ನಿಂತವು. ಅದರ ಮುಂದಿನ ತಿಂಗಳು ಮಗಳು ಬಂದಳು. ಕಾರಿನಿಂದ ಇಳಿದ ಮಗು ಓಡಿದ್ದು ನೇರ ಗೇಟಿಗೇ! ಸರಳುಗಳ ನಡುವೆ ಹಣೆ ಒತ್ತಿ ತಳ್ಳಿತು. ತಲೆ ಹೋಗಲಿಲ್ಲ. ಮೂಗು ಮಾತ್ರ ಆಚೆ.

"ಪಾಸ್!" ಎಂದು ನಾನು ಕೂಗಿದೆ. ಮಾವನಿಗೆ ಕೇಳಿಸಲಿಲ್ಲ. ಅವರು ಮಗುವಿನ ಹಿಂದೆ ಮೆಲ್ಲಗೆ ಕೂತು ಅದರ ತಲೆಯ ಮೇಲೆ ಅಂಗೈ ಇಟ್ಟರು. ಅದೇ ಅಂಗೈ, ಚಾದಂಗಡಿಗಳಲ್ಲಿ ಕಾಯಿಯ ಮೇಲೆ ಇಡುತ್ತಿದ್ದ ಹಾಗೆಯೇ. ಮೂರು ತಿಂಗಳು ನನ್ನ ಸ್ಕೂಟರಿನಲ್ಲಿ ಕೂತು ಅವರು ಹಿಡಿದುಕೊಂಡದ್ದು ಏನನ್ನು ಎಂದು ನನಗೆ ಆಗಲೇ ತಿಳಿದದ್ದು. ಅಷ್ಟು ದಿನ ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದೆನಲ್ಲ, ನನಗೆ ನಾಚಿಕೆಯಾಯಿತು.

ಮಗು ತಿರುಗಿ ಅಜ್ಜನ ಮುಖ ನೋಡಿತು. ಕೈಯನ್ನು ತಳ್ಳಲಿಲ್ಲ.

"ಅಳತೆ ಸರಿ ಉಂಟು," ಎಂದರು ಮಾವ. "ಒಮ್ಮೆ ಟೇಪು ತರ್ತೇನೆ" ಎಂದು ಮುಖ ಆಚೆ ತಿರುಗಿಸಿ ಬೇಗ ಬೇಗ ಒಳಗೆ ಹೋದರು.

ಟೇಪು ಅವರ ಕುತ್ತಿಗೆಯಲ್ಲೇ ಇತ್ತು.