ಹೆಬ್ಬಾತು ಹುಡುಕಿದ ಕಾರ್ತಿಕ

ಹಕ್ಕಿ ನೋಡಲು ಹೋದವರಿಗೆ ಹಕ್ಕಿಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕಾಣುತ್ತದೆ. ನನಗಂತೂ ಪ್ರತಿ ಕಾರ್ತಿಕದಲ್ಲೂ ಇದೇ ಗತಿ. ಚಾಮರಾಜನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಎದುರು ಮನೆಯಲ್ಲಿ ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಹಕ್ಕಿಯ ಹುಚ್ಚು ಅವರದು, ಅಂಟಿಕೊಂಡದ್ದು ನನಗೆ. ಈ ಸಲ ಹುಚ್ಚಿನ ಜೊತೆ ಆತುರವೂ ಸೇರಿತ್ತು. ಸಕ್ಕರೆ ಕಾಯಿಲೆ ಮೇಷ್ಟ್ರ ಕಣ್ಣಿಗೆ ಇಳಿದಿತ್ತು. ಮೈಸೂರಿನ ಡಾಕ್ಟರು, "ನೋಡಬೇಕಾದ್ದನ್ನ ಬೇಗ ನೋಡಿಬಿಡಿ" ಅಂದಿದ್ದರಂತೆ.

ಮೇಷ್ಟ್ರು, "ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಒಂದ್ಸಲ ನೋಡ್ಬೇಕು ಕಣಯ್ಯ" ಎಂದರು. ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, "ಕಾಶಿ ಅಂದಿದ್ರೆ ನಾನೂ ಬರ್ತಿದ್ದೆ" ಎಂದು ಮುಖ ಊದಿಸಿದರು.

ಬಸ್ಸಿನಲ್ಲಿ

ಬೈನಾಕ್ಯುಲರ್ ಕಣ್ಣಿಗೆ ಹೊಂದುತ್ತದೋ ಇಲ್ಲವೋ ನೋಡೋಣ ಎಂದು ಮೊದಲು ಪುಣಜನೂರಿನ ಬಸ್ಸು ಹತ್ತಿದೆವು. ಆ ಕಾಡುದಾರಿಯಲ್ಲಿ ಕಿಟಕಿಯಿಂದಾಚೆ ಯಾರಾದರೂ ಬೆರಳು ತೋರಿಸಿದರೆ ಅದಕ್ಕೆ ಒಂದೇ ಅರ್ಥ. ಮೇಷ್ಟ್ರು ಅದನ್ನು ಮರೆತು, "ಅಗೋ, ಅಗೋ!" ಎಂದು ಎದ್ದು ನಿಂತರು. ಡ್ರೈವರ್ ಬ್ರೇಕ್ ಒತ್ತಿದ. ಯಾರೋ "ಒಂಟಿ ಸಲಗ!" ಎಂದು ಕೂಗಿದರು. ಹೆಂಗಸರು ಮಕ್ಕಳನ್ನು ಮಡಿಲಿಗೆ ಎಳೆದುಕೊಂಡರು. ಬಸ್ಸು ಹಿಂದಕ್ಕೆ ಹಿಂದಕ್ಕೆ ಹೋಗಿ ತಿರುವಿನಲ್ಲಿ ನಿಂತಿತು. ಕಂಡಕ್ಟರ್ ಬಂದು ಪಿಸುಗುಟ್ಟಿದ: "ಎಲ್ಲದ ಸಾ ಆನೆ?"

"ಆನೆ ಅಲ್ಲಪ್ಪ, ಕಳ್ಳಿಪೀರ. ಆ ಕೊಂಬೆ ಮೇಲೆ ಕೂತಿತ್ತು, ಹಾರಿಹೋಯ್ತು."

ಮುಂದಿನ ಸೀಟಿನ ಅಜ್ಜಿಯೊಬ್ಬಳು ಎಲೆಯಡಿಕೆ ಬಾಯಿಂದಲೇ ಹೇಳಿದಳು: "ಆನೆನೇ ಆಗಿದ್ರೆ ನಿಂತ್ಕಂಡಾರ ಇರದು ಕನಪ್ಪ."

ನಡುಗಡ್ಡೆಯಲ್ಲಿ

ಗುಂಡ್ಲುಪೇಟೆ ಹತ್ತಿರದ ಕೆರೆಯೊಂದರ ಬಡಗಣ ತುದಿಯಲ್ಲಿ ಬೋಳು ನಡುಗಡ್ಡೆಗಳಿವೆ. ಹೆಬ್ಬಾತು ಇಳಿದರೆ ಅಲ್ಲೇ. ತಮಿಳುನಾಡಿನ ಕಡಲಲ್ಲಿ ಚಂಡಮಾರುತ ಎದ್ದರೆ ನಮ್ಮ ಕಡೆ ಜಡಿಮಳೆ ಹಿಡಿಯುತ್ತದೆ. ನಾವು ಹೋದದ್ದು ಸರಿಯಾಗಿ ಅಂಥ ದಿನವೇ. ಮೀನು ಹಿಡಿಯುವವನೊಬ್ಬ ತೆಪ್ಪದಲ್ಲಿ ನಮ್ಮನ್ನು ನಡುಗಡ್ಡೆಗೆ ಬಿಟ್ಟು, "ಬಲೆ ಎಳ್ಕಬಂದ್ಬುಡ್ತೀನಿ, ಕುಂತಿರಿ" ಎಂದು ಹೋದ. ಅವನು ಆಚೆ ಹೋದದ್ದೇ ತಡ, ಗಾಳಿ ಎದ್ದಿತು. ಛತ್ರಿ ಮಗುಚಿಕೊಂಡಿತು.

ದಡದಾಚೆ ಅರಿಶಿನದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಕಂಡರು. ಕಾಪಾಡಿ ಎಂದು ಕೈ ಬೀಸಿದೆವು. ಅವರೂ ಬೀಸಿದರು. ಟವೆಲ್ ಬೀಸಿದೆವು. ಇನ್ನಷ್ಟು ಜನ ಏರಿಯ ಮೇಲೆ ಬಂದು ನಿಂತು, ನಗುನಗುತ್ತಾ ಬೀಸಿದರು. ಒಬ್ಬ ಮೊಬೈಲಿನಲ್ಲಿ ನಮ್ಮ ಫೋಟೋ ತೆಗೆದ. ಮೇಷ್ಟ್ರು ಮಾತ್ರ ಕೈ ಇಳಿಸಲೇ ಇಲ್ಲ. "ಇಡೀ ಸರ್ವೀಸಲ್ಲಿ ಇಷ್ಟು ಮರ್ಯಾದೆ ಸಿಕ್ಕಿರ್ಲಿಲ್ಲ ಕಣಯ್ಯ" ಎಂದರು.

ಹೆಬ್ಬಾತು

ಜನ ಚದುರಿದರು. ಮಳೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾಗ ಮೇಷ್ಟ್ರು ನನ್ನ ಕಡೆ ತಿರುಗಿ, "ಬೂದಿ ಬಣ್ಣದ ಶರ್ಟಾ ಅದು?" ಎಂದರು.

"ಹೌದು ಮೇಷ್ಟ್ರೇ" ಎಂದೆ. ನಾನು ಹಾಕಿದ್ದದ್ದು ಕೆಂಪು. ನಾನೇ ಹೊಲಿದದ್ದು. ಬಣ್ಣ ಕಲಿಸಿ ಬದುಕಿದ ಮನುಷ್ಯ ಅವರು.

ಅಷ್ಟರಲ್ಲಿ ತೆಪ್ಪದವನು ಬಂದ. ಒಂದು ಹೆಬ್ಬಾತೂ ಇರಲಿಲ್ಲ. ಪಕ್ಕದ ಗಡ್ಡೆಯ ಜಾಲಿಮುಳ್ಳಿಗೆ ಸಿಮೆಂಟ್ ಚೀಲವೊಂದು ಸಿಕ್ಕಿಕೊಂಡು ಅಲ್ಲಾಡುತ್ತಿತ್ತು. ಅವನು ನನ್ನ ಕಿವಿಯಲ್ಲಿ, "ಪಾಪ ಸಾ, ಅದ್ನೇ ತೋರ್ಸ್ಬುಡಿ" ಎಂದ. ನನಗೂ ಅದೇ ಸರಿ ಎನಿಸಿತು.

"ಅಗೋ ಮೇಷ್ಟ್ರೇ, ಹೆಬ್ಬಾತು! ತಲೆ ಮೇಲೆ ಎರಡು ಕಪ್ಪು ಪಟ್ಟೆ!"

ಮೇಷ್ಟ್ರು ಬೈನಾಕ್ಯುಲರ್ ಹಿಡಿದು ಬಹಳ ಹೊತ್ತು ನೋಡಿದರು. "ಏನ್ಮಾಡ್ತಿದೆ?"

ತೆಪ್ಪದವನಿಗೆ ಹುರುಪು ಬಂತು. "ಮರೀಗ್ ತಿನ್ನುಸ್ತಾ ಅದ ಸಾ!"

"ಮರಿ ಮಾಡೋದು ಹಿಮಾಲಯದಾಚೆ ಅಲ್ವೇನಪ್ಪ?"

ನಾನು ಅವನ ಕಾಲು ತುಳಿದೆ. ಅವನು ಗಾಬರಿಯಿಂದ, "ಅದು ಬ್ಯಾರೇರ್ ಮರಿ ಸಾ" ಎಂದ.

ಅವನನ್ನು ಬೈಯಲು ತಿರುಗಿದೆ. ಅದೇ ಹೊತ್ತಿಗೆ ತಲೆಯ ಮೇಲೆಯೇ "ಆಂಗ್, ಆಂಗ್" ಎಂದು ಸದ್ದಾಯಿತು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರೂ ಕತ್ತೆತ್ತುವಷ್ಟರಲ್ಲಿ ಮೋಡ ಬಿಟ್ಟರೆ ಏನೂ ಇರಲಿಲ್ಲ.

ಮೇಷ್ಟ್ರು ಮುಖ ಮೇಲೆತ್ತಿಯೇ ನಿಂತಿದ್ದರು. ಕೆನ್ನೆಯ ಮೇಲೆ ಕಣ್ಣೀರೋ ಮಳೆಯೋ ತಿಳಿಯಲಿಲ್ಲ. "ಎಷ್ಟು ಕೆಳಗೆ ಹೋದ್ವು ಕಣಯ್ಯ! ಕುತ್ತಿಗೆ ನೀಟಿಕೊಂಡು, ಸಾಲಾಗಿ. ನೋಡಿದ್ರಾ?"

ನಾವಿಬ್ಬರೂ ಇನ್ನೂ ಮೋಡದಲ್ಲೇ ಹುಡುಕುತ್ತಿದ್ದೆವು.

ಮೇಷ್ಟ್ರು ನನ್ನ ಹೆಗಲು ತಡವಿ ಹುಡುಕಿ ಕೈಯಿಟ್ಟರು. "ಹೋಗ್ಲಿ ಬಿಡು. ಮುಂದಿನ ಕಾರ್ತಿಕಕ್ಕೆ ನಾನೇ ಕರ್ಕೊಂಡ್ ಬಂದು ತೋರಿಸ್ತೀನಿ. ಅಲ್ಲೀತನಕ ನೀವಿಬ್ರೂ ಆ ಚೀಲ ನೋಡ್ಕೊಂಡಿರಿ."