ಮೂಸಿ ನೋಡಿ ಕೊಂಡ ಕಾರು

ವಸ್ತು ಕೊಳ್ಳುವ ವಿದ್ಯೆ ನನಗೆ ಒಲಿದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಲ್ಲಂಗಡಿ ಅಂಗಡಿಯ ಮುಂದೆ ನಿಂತು ಎಲ್ಲರಂತೆ ನಾನೂ ಹಣ್ಣನ್ನು ಬೆರಳಿನಿಂದ ತಟ್ಟುತ್ತೇನೆ, ಕಿವಿಯ ಹತ್ತಿರ ತಂದು ಕೇಳುತ್ತೇನೆ, ಏನೋ ತಿಳಿದವನ ಹಾಗೆ ತಲೆಯನ್ನೂ ಆಡಿಸುತ್ತೇನೆ. ಆ ಸದ್ದಿನಲ್ಲಿ ಕೇಳಬೇಕಾದದ್ದು ಏನು ಎಂಬುದು ಮಾತ್ರ ಈ ಐವತ್ತೆರಡು ವರ್ಷಗಳಲ್ಲಿ ನನಗೆ ಗೊತ್ತಾಗಿಲ್ಲ. ಮನೆಗೆ ತಂದು ಕೊಯ್ದರೆ ಒಳಗೆ ಸೌತೆಕಾಯಿಯ ಬಣ್ಣ. ಹೆಂಡತಿ ಜಯಶ್ರೀ ಅದನ್ನು ತೆಗೆದುಕೊಂಡು ಹೋಗಿ ಹುಳಿಗೆ ಹಾಕುತ್ತಾಳೆ. ನಾನು ತಂದ ಎಷ್ಟೋ ಹಣ್ಣುಗಳು ನಮ್ಮ ಮನೆಯಲ್ಲಿ ತರಕಾರಿಯಾಗಿ ಬಾಳಿವೆ.

ಕುಂದಾಪುರದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಮದುವೆ ಕಾಗದ, ಬಿಲ್ ಬುಕ್ಕು, ಅಂಗಡಿಗಳ ಹ್ಯಾಂಡ್‌ಬಿಲ್ಲು ಇವೇ ನಮ್ಮ ಸಾಹಿತ್ಯ. ದಿನವಿಡೀ ಜಾಹೀರಾತಿನ ಮಾತು ಅಚ್ಚು ಹಾಕುವವನಿಗೆ ಆ ಮಾತುಗಳ ಮೇಲೆ ಸ್ವಲ್ಪ ಅನುಮಾನ ಇರಬೇಕು ಎಂದು ನೀವು ಅಂದುಕೊಳ್ಳಬಹುದು. ನನ್ನದು ಉಲ್ಟಾ. ನನ್ನ ಮೆಷಿನ್ನಿನಿಂದ ಹೊರಗೆ ಬಂದದ್ದನ್ನು ನಂಬದಿರುವುದು ಹೇಗೆ? ಬ್ರಹ್ಮಾವರದಲ್ಲಿ ಹಳೆಯ ಕಾರು ಮಾರುವ ಉದಯಣ್ಣನ ಹ್ಯಾಂಡ್‌ಬಿಲ್ಲೂ ನಮ್ಮಲ್ಲೇ ಆದದ್ದು. 'ಪೂರ್ಣ ವಿಶ್ವಾಸದೊಂದಿಗೆ ಕಾರು ಕೊಳ್ಳಿ' ಎಂದು ದಪ್ಪ ಅಕ್ಷರ. ಅವರು 'ವಿಸ್ವಾಸ' ಎಂದು ಬರೆದು ಕಳಿಸಿದ್ದರು, ತಿದ್ದಿದವನು ನಾನು. ಕಾಗುಣಿತ ಸರಿಯಾದ ಮೇಲೆ ವಿಶ್ವಾಸಕ್ಕೇನು ಕೊರತೆ ಎಂಬುದು ನನ್ನ ತರ್ಕ.

ಕಾರು ಬೇಕಾದದ್ದು ನನ್ನ ಶೋಕಿಗಲ್ಲ. ಜಯಶ್ರೀ ಬೈಂದೂರಿನಿಂದ ಒಳಗೆ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಬೆಳಿಗ್ಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ಸಿಕ್ಕಿದರೆ ರಿಕ್ಷಾ. ವರ್ಷಗಟ್ಟಲೆ ಹೀಗೆ ನಿಂತು, ಜೋತು, ಕುಲುಕಿ ಅವಳ ಸೊಂಟದ ಡಿಸ್ಕು ಜಾರಿತು. ಎರಡು ತಿಂಗಳು ಮಲಗಿದಳು. ಡಾಕ್ಟರು ಕೊನೆಗೆ ಹೇಳಿದ್ದು ಇಷ್ಟೇ: ಬಸ್ಸು ಬಿಡಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು. ಮನೆಗೆ ಬಂದವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ರಾಜೀನಾಮೆ ಪತ್ರ ಬರೆಯುವುದು ಹೇಗೆ ಎಂದು ನನ್ನನ್ನು ಕೇಳಿದಳು. ಮೂರನೇ ಕ್ಲಾಸಿನ ಮಕ್ಕಳ ಹೆಸರನ್ನು ನಿದ್ದೆಯಲ್ಲೂ ಕರೆಯುವವಳು ಅವಳು. ನಾನು ಪತ್ರ ಬರೆದುಕೊಡಲಿಲ್ಲ. ಡ್ರೈವಿಂಗ್ ಶಾಲೆಗೆ ಸೇರಿಸಿದೆ. ಒಟ್ಟಿಗೆ ನಾನೂ ಸೇರಿದೆ. ಅವಳಿಗೆ ಮೊದಲ ಸಲಕ್ಕೇ ಲೈಸೆನ್ಸ್ ಸಿಕ್ಕಿತು. ನನಗೆ ಆದದ್ದನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ.

ಹೊಸ ಕಾರು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಬ್ರಹ್ಮಾವರಕ್ಕೆ ಹೊರಟೆವು. ಬಸ್ಸಿನಲ್ಲಿ ಗಿರಿಜಕ್ಕ ಸಿಕ್ಕಿದರು. ಗಂಗೊಳ್ಳಿಯ ಗಿರಿಜಕ್ಕ ಇಪ್ಪತ್ತು ವರ್ಷಗಳಿಂದ ನಮ್ಮ ಬೀದಿಗೆ ಮೀನು ತರುವವರು. ಅವರ ಮಗಳನ್ನು ಬ್ರಹ್ಮಾವರದ ಹತ್ತಿರ ಬಾರ್ಕೂರು ರಸ್ತೆಯ ಕಡೆಗೆ ಕೊಟ್ಟಿದೆ, ಹೆರಿಗೆಯಾಗಿ ಹದಿನೈದು ದಿನ. ಬಾಣಂತಿಗೆಂದು ನಾಲ್ಕು ಕಾಣೆ ಮೀನನ್ನು ಬುಟ್ಟಿಯಲ್ಲಿಟ್ಟು ಬಾಳೆಲೆ ಮುಚ್ಚಿಕೊಂಡು ಹೊರಟಿದ್ದರು. ಜಯಶ್ರೀ ಅವರನ್ನು ಬಿಟ್ಟಾಳೆಯೇ? ಕಾರು ನೋಡಿ ಒಂದು ರೌಂಡು ಓಡಿಸುವುದಿದೆ, ಹೇಗೂ ನಿಮ್ಮ ಮಗಳ ಮನೆಯ ದಾರಿಯಲ್ಲೇ ಓಡಿಸಿದರಾಯಿತು, ನಮ್ಮ ಜೊತೆಗೇ ಬನ್ನಿ ಎಂದು ಹಿಡಿದುಕೊಂಡಳು.

ಇಲ್ಲಿ ನನ್ನ ಇನ್ನೊಂದು ತಪ್ಪೊಪ್ಪಿಗೆ ಇದೆ. ನನಗೆ ಅದು ಇಷ್ಟವಾಗಲಿಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಕಿಸೆಗೆ ಎರಡು ಪೆನ್ನು ಸಿಕ್ಕಿಸಿ, ಕಾರು ಕೊಳ್ಳುವ ಗೃಹಸ್ಥನ ಗತ್ತಿನಲ್ಲಿ ನಾನು ಹೋಗುತ್ತಿದ್ದೆ. ಗಾಜಿನ ಬಾಗಿಲಿನ ಆಫೀಸು, ಫಳಫಳ ಹೊಳೆಯುವ ಕಾರುಗಳ ಸಾಲು, ಅಲ್ಲಿಗೆ ಮೀನಿನ ಬುಟ್ಟಿ! ನಾನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಮುಖ ಹೇಳಿರಬೇಕು. ಮಳಿಗೆಯ ಗೇಟಿನ ಹತ್ತಿರ ಬರುತ್ತಲೇ ಗಿರಿಜಕ್ಕ ತಾವಾಗಿಯೇ ಹಿಂದೆ ನಿಂತು, ನೀವು ನೋಡಿಕೊಂಡು ಬನ್ನಿ, ನಾನು ಇಲ್ಲೇ ನೆರಳಲ್ಲಿ ಇರುತ್ತೇನೆ ಎಂದರು. ನನಗೆ ಸಮಾಧಾನವಾಯಿತು. ಆಗ ಆದದ್ದು ಸಮಾಧಾನವೇ, ಸುಳ್ಳು ಹೇಳುವುದಿಲ್ಲ.

ಉದಯಣ್ಣ ನಮ್ಮನ್ನು ಹೆಸರು ಹಿಡಿದು ಕರೆದು, ಎಳನೀರು ತರಿಸಿ, ಮುಂದಿನ ಸಾಲಿನಲ್ಲಿದ್ದ ಬಿಳಿ ಕಾರಿನ ಹತ್ತಿರ ಕರೆದುಕೊಂಡು ಹೋದರು. ಹತ್ತು ದಿನದ ಹಿಂದಷ್ಟೇ ಒಬ್ಬ ಬ್ರೋಕರ್ ತಂದು ಕೊಟ್ಟದ್ದಂತೆ. ಒಬ್ಬರೇ ಓಡಿಸಿದ್ದಂತೆ, ಓಡಿದ್ದೂ ಕಡಿಮೆಯಂತೆ. ನೋಡಲು ಮದುಮಗಳ ಹಾಗೆ ಇತ್ತು. ಕನ್ನಡಿಗೆ ನೇತುಹಾಕಿದ್ದ ಮಲ್ಲಿಗೆ ಸೆಂಟಿನ ಡಬ್ಬಿ ಘಮಘಮ ಎನ್ನುತ್ತಿತ್ತು. ನಾನು ಟಯರನ್ನು ಕಾಲಿನಿಂದ ಒದ್ದು ನೋಡಿದೆ. ಎಲ್ಲರೂ ಒದೆಯುತ್ತಾರೆ, ಅದಕ್ಕೆ. ಬಾಗಿಲನ್ನು ಎರಡು ಸಲ ತೆಗೆದು ಹಾಕಿದೆ. ಬಾನೆಟ್ ತೆಗೆಸಿ ಒಳಗೆ ದೀರ್ಘವಾಗಿ ದೃಷ್ಟಿ ಹಾಯಿಸಿದೆ. ಅಲ್ಲಿ ಇಂಜಿನ್ ಇತ್ತು. ಇನ್ನೇನು ಬೇಕು? ಆಫೀಸಿನಲ್ಲಿ ಕೂತು ಕಾಗದ ಮುಂದಿಟ್ಟುಕೊಂಡು ಪೆನ್ನಿನ ಟೊಪ್ಪಿಯನ್ನೂ ತೆಗೆದೆ.

ಅಷ್ಟರಲ್ಲಿ ಜಯಶ್ರೀ ಗೇಟಿನವರೆಗೆ ಹೋಗಿ ಗಿರಿಜಕ್ಕನ ಕೈ ಹಿಡಿದು ಒಳಗೆ ಕರೆತಂದಿದ್ದಳು. ಕಾರನ್ನು ಕೊಳ್ಳುವ ಮೊದಲು ನಿಮ್ಮಂಥ ಹಿರಿಯರು ಒಮ್ಮೆ ಕೂತು ಹರಸಬೇಕು ಎಂಬುದು ಅವಳ ವಾದ. ಗಿರಿಜಕ್ಕ ಬುಟ್ಟಿಯನ್ನು ಗೋಡೆಯ ಹತ್ತಿರ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಿಂದಿನ ಸೀಟಿನಲ್ಲಿ ಸಂಕೋಚದಿಂದ ಕೂತರು. ಬಾಗಿಲು ಹಾಕಿಕೊಂಡರು. ಅರ್ಧ ನಿಮಿಷವೂ ಆಗಲಿಲ್ಲ, ಬಾಗಿಲು ತೆಗೆದು ಇಳಿದುಬಿಟ್ಟರು. ಗಾಜಿನ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ನಾನು, ಕಾರಿನಲ್ಲಿ ಮೀನಿನ ವಾಸನೆ ಆಯಿತು ಎಂದು ಉದಯಣ್ಣ ಏನಾದರೂ ಅಂದರೆ ಗತಿಯೇನು ಎಂದು ಹೊರಗೆ ಓಡಿ ಬಂದೆ.

"ಟೀಚ್ರೆ, ಈ ಕಾರಿಗ್ ನೀರ್ ಹೊಕ್ಕಿತ್ ಕಾಣಿ" ಎನ್ನುತ್ತಿದ್ದರು ಗಿರಿಜಕ್ಕ.

ನನ್ನ ಹಿಂದೆಯೇ ಬಂದ ಉದಯಣ್ಣ ನಕ್ಕರು. ನಾನೂ ನಕ್ಕೆ. ನಗುವಾಗ ಯಾರ ಪಕ್ಷ ಎಂದು ನೋಡಿಕೊಳ್ಳಬೇಕಿತ್ತು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೀನು ಮಾರುವವರ ಮೂಗಿಗೆ ಎಲ್ಲದರಲ್ಲೂ ನೀರಿನ ವಾಸನೆಯೇ ಹೊಡೆಯುವುದಲ್ಲವೇ ಎಂದು ಒಂದು ತಮಾಷೆಯನ್ನೂ ಮಾಡಿದೆ. ಗಿರಿಜಕ್ಕ ನಗಲಿಲ್ಲ.

"ಇದ್ ಮೀನಿನ್ ಮೂಗ್ ಅಲ್ದೆ ಹ್ವಾಯ್. ನಮ್ಮನಿ ಟೆಂಪೋ ಎರಡ್ ದಿನ ನೆರಿ ನೀರಗೆ ಮುಳ್ಗಿತ್ತ್. ತೊಳ್ದ್, ಒಣ್ಗ್ಸಿ, ಸೆಂಟ್ ಹಾಕಿ ಎಂತ ಮಾಡ್ರೂ ಚಂಡಿ ಗೋಣಿ ಮುಚ್ಚಿಟ್ಟ ವಾಸ್ನಿ ಹೋಯ್ಲಿಲ್ಲ. ಒಂದ್ ವರ್ಷ ಅದ್ರಗೇ ಕೂಕಂಡ್ ಹೋಯಿದೆ ನಾನ್."

ಒದ್ದೆ ಗೋಣಿಯ ವಾಸನೆಯ ಆ ಟೆಂಪೋ ಅವರ ಮಗ ಸಾಲ ಮಾಡಿ ತೆಗೆದದ್ದಂತೆ. ನೆರೆ ಇಳಿದ ಮೇಲೆ ಒಂದು ವರ್ಷ ಹೇಗೋ ಓಡಿ, ಆಮೇಲೆ ಒಂದು ದಿನ ಹೆದ್ದಾರಿಯ ನಡುವೆ ವೈರು ಸುಟ್ಟು ನಿಂತಿತಂತೆ. ಹಿಂದಿನಿಂದ ಲಾರಿ ಬರುತ್ತಿತ್ತು, ದೇವರು ದೊಡ್ಡವನು ಎಂದಷ್ಟೇ ಹೇಳಿ ಅವರು ಆ ಮಾತನ್ನು ಅಲ್ಲಿಗೇ ಬಿಟ್ಟರು. ಜಯಶ್ರೀ ಕಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ದಿನಾ ಆ ಹೆದ್ದಾರಿಯಲ್ಲಿ ಹೋಗುವವಳು ಅವಳೇ ತಾನೇ.

ಗಿರಿಜಕ್ಕ ಸೀಟಿನ ಬದಿಗೆ ಬೆರಳು ತೋರಿಸಿ, "ಆ ಬೆಲ್ಟ್ ಪೂರಾ ಎಳ್ದ್ ಕಾಣಿ" ಎಂದರು. ಉದಯಣ್ಣನ ನಗು ಅಷ್ಟರಲ್ಲಿ ನಿಂತಿತ್ತು. ತಾವೇ ಬಗ್ಗಿ ಸೀಟ್ ಬೆಲ್ಟನ್ನು ಎಳೆದರು. ನಾವೆಲ್ಲ ಕಟ್ಟಿಕೊಳ್ಳಲು ಎಳೆಯುವುದು ಅರ್ಧ ಮಾತ್ರ, ಉಳಿದರ್ಧ ಸುರುಳಿಯೊಳಗೆ ಇರುತ್ತದೆ ಎಂಬುದು ನನಗೆ ಅವತ್ತೇ ತಿಳಿದದ್ದು. ಆ ಉಳಿದರ್ಧ ಹೊರಗೆ ಬಂದಾಗ ಅದರ ಮೇಲೆ ಕೆಸರಿನ ಗೆರೆ ಅಚ್ಚು ಹಾಕಿದ ಹಾಗೆ ಸ್ಪಷ್ಟವಾಗಿತ್ತು. ಕಾರಿನ ನೆಲದ ಕಾರ್ಪೆಟ್ ಎಬ್ಬಿಸಿದರು. ಅಡಿಯಲ್ಲಿ ಸಣ್ಣ ಮರಳು, ಸೀಟಿನ ಕಬ್ಬಿಣಕ್ಕೆ ತುಕ್ಕು.

ಉದಯಣ್ಣ ಕೈ ಕೊಡವಿಕೊಂಡು ನಮ್ಮ ಕಡೆ ತಿರುಗಿದರು. ಜಗಳಕ್ಕೆ ನಿಲ್ಲಬಹುದಿತ್ತು, ಮಳೆಗಾಲದಲ್ಲಿ ಕಿಟಕಿ ಹಾಕಲು ಮರೆತಿರಬೇಕು ಎನ್ನಬಹುದಿತ್ತು. ಹಾಗೆ ಅಂದಿದ್ದರೆ ನಾನು ನಂಬುತ್ತಿದ್ದೆ ಕೂಡ. ಅವರು ಹೇಳಿದ್ದು ಬೇರೆ.

"ನಂಗೆ ಗೊತ್ತಿರ್ಲಿಲ್ಲೆ ಅಂದ್ರೆ ನೀವ್ ನಂಬುದ್ ಕಷ್ಟ. ಆದ್ರೂ ಗೊತ್ತಿರ್ಲಿಲ್ಲೆ. ಆ ಬ್ರೋಕರ್ ನನ್ನ ಮಂಗ ಮಾಡ್ದ. ನಾನ್ ನಿಮ್ಮನ್ನ ಮಾಡುದಿಲ್ಲೆ."

ಕಾರನ್ನು ಆಗಲೇ ಮುಂದಿನ ಸಾಲಿನಿಂದ ತೆಗೆಸಿ ಶೆಡ್ಡಿನ ಹಿಂದೆ ನಿಲ್ಲಿಸಿದರು. ನಾವು ಹೊರಡಲು ಎದ್ದೆವು. ಅವರು ತಡೆದು, ಮೂಲೆಯಲ್ಲಿದ್ದ ಒಂದು ಬೂದು ಬಣ್ಣದ ಸಣ್ಣ ಕಾರನ್ನು ತೋರಿಸಿದರು. ಅದಕ್ಕೆ ಸೆಂಟಿನ ಡಬ್ಬಿಯೂ ಇರಲಿಲ್ಲ, ಗತ್ತೂ ಇರಲಿಲ್ಲ. ಅವರ ಪರಿಚಯದ ಕಂಪೌಂಡರೊಬ್ಬರು ಒಂಬತ್ತು ವರ್ಷ ಇಟ್ಟುಕೊಂಡಿದ್ದದ್ದು. ಮೇಜಿನ ಮೇಲಿದ್ದ ನನ್ನದೇ ಪ್ರೆಸ್ಸಿನ ಹ್ಯಾಂಡ್‌ಬಿಲ್ಲೊಂದನ್ನು ಮಗುಚಿ, ಅದರ ಖಾಲಿ ಬೆನ್ನಿನ ಮೇಲೆ ಉದಯಣ್ಣ ಆ ಕಾರಿನ ದೋಷಗಳನ್ನು ತಮ್ಮ ಕೈಯಾರೆ ಬರೆಯತೊಡಗಿದರು. ಎಡಬಾಗಿಲು ನೆಗ್ಗಿದೆ. ಕ್ಲಚ್ಚು ಇನ್ನೊಂದು ವರ್ಷಕ್ಕೆ ಹೋಗುತ್ತದೆ. ಹಿಂದಿನ ಎರಡು ಟಯರು ಮಳೆಗಾಲದ ಮೊದಲು ಬದಲಿಸಬೇಕು, ಅದನ್ನು ನಾವೇ ಮಾಡಿಸಿಕೊಡುತ್ತೇವೆ. ಏಸಿ ತಣ್ಣಗಾಗಲು ಕುಂದಾಪುರದ ದಾರಿಯಲ್ಲಿ ಅರ್ಧ ಕಳೆದು ತೆಕ್ಕಟ್ಟೆ ದಾಟಬೇಕು. ಕೆಳಗೆ ಸಹಿ ಹಾಕಿದರು. ಎದುರಿನ ಪುಟದ ಅಂದದ ಅಕ್ಷರಕ್ಕಿಂತ ಹಿಂದಿನ ಆ ಗೀಚು ಅಕ್ಷರದಲ್ಲಿ ಐದಾರು ಕಾಗುಣಿತದ ತಪ್ಪು ಹೆಚ್ಚಿತ್ತು. ಒಂದನ್ನೂ ತಿದ್ದಬೇಕು ಎಂದು ನನಗೆ ಅನ್ನಿಸಲಿಲ್ಲ.

ಗಿರಿಜಕ್ಕ ಹೇಳಿಸಿಕೊಳ್ಳದೆಯೇ ಒಳಗೆ ಕೂತು, ಬಾಗಿಲು ಹಾಕಿಕೊಂಡು, ಈ ಸಲ ಪೂರ್ತಿ ಎರಡು ನಿಮಿಷ ಇದ್ದು ಹೊರಗೆ ಬಂದರು. ಕಷಾಯದ ವಾಸನೆ ಬರುತ್ತದೆ, ಅಡ್ಡಿಯಿಲ್ಲ ಎಂದರು.

ಕಾರನ್ನು ಓಡಿಸಿ ನೋಡಲು ಬಾರ್ಕೂರು ರಸ್ತೆಗೆ ಹೊರಟೆವು. ಜಯಶ್ರೀ ಸ್ಟಿಯರಿಂಗ್ ಹಿಡಿದಿದ್ದಳು, ಉದಯಣ್ಣ ಅವಳ ಪಕ್ಕ. ಹಿಂದೆ ನಾನು, ಗಿರಿಜಕ್ಕ, ನಮ್ಮಿಬ್ಬರ ನಡುವೆ ಬುಟ್ಟಿ. ಎರಡೂ ಕಡೆ ಗದ್ದೆ, ತೆಂಗಿನ ಮರ, ಬೀಸುವ ಗಾಳಿ. ನಾನು ಗಿರಿಜಕ್ಕನಿಗೆ, ಆಗ ನಗಾಡಿದ್ದಕ್ಕೆ ತಪ್ಪು ತಿಳಿಯಬೇಡಿ ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು:

"ನಗಾಡಿದ್ದಲ್ಲ ಹ್ವಾಯ್. ನಾನ್ ಗೇಟಿನ್ ಹತ್ರ ನಿಂತದ್ ನಿಮ್ ಮುಖ ಕಂಡೇ. ಬಸ್ಸಗೆ ದಿನಾ ಕಾಂತೆ ಅಂಥ ಮುಖ. ಬೇಜಾರ್ ಎಂತದೂ ಇಲ್ಲೆ."

ಬೇಜಾರಿಲ್ಲ ಎಂದ ಮೇಲೆ ನಾನು ಹಗುರಾಗಬೇಕಿತ್ತು. ಆಗಲಿಲ್ಲ. ಇಪ್ಪತ್ತು ವರ್ಷ ಅವರ ಕೈಯಿಂದ ಮೀನು ತಿಂದವನು ನಾನು. ಮಗಳ ಮನೆಯ ಅಂಗಳದಲ್ಲಿ ಇಳಿಯುವಾಗ ಬುಟ್ಟಿಯನ್ನು ನಾನೇ ಎತ್ತಿಕೊಂಡು ಒಳಗೆ ತಲುಪಿಸಿದೆ. ಬಿಳಿ ಅಂಗಿಗೆ ಕಲೆಯಾಯಿತು, ಆಗಲಿ. ಕೂಸನ್ನು ನನ್ನ ಕೈಗೂ ಕೊಟ್ಟರು. ಅದು ನನ್ನನ್ನು ನೋಡಿ ಅಳಲಿಲ್ಲ ಎಂಬುದನ್ನು ನಾನು ಕ್ಷಮೆ ಎಂದೇ ತಿಳಿದುಕೊಂಡಿದ್ದೇನೆ.

ಈಗ ಐದು ತಿಂಗಳಾಯಿತು. ಜಯಶ್ರೀ ದಿನಾ ಬೆಳಿಗ್ಗೆ ಸೊಂಟಕ್ಕೆ ದಿಂಬು ಕೊಟ್ಟುಕೊಂಡು ಬೂದು ಕಾರಿನಲ್ಲಿ ಶಾಲೆಗೆ ಹೋಗುತ್ತಾಳೆ, ಸಂಜೆ ನಗುತ್ತಾ ಬರುತ್ತಾಳೆ. ರಾಜೀನಾಮೆಯ ಮಾತು ಮತ್ತೆ ಬಂದಿಲ್ಲ. ಉದಯಣ್ಣ ಹೇಳಿದಂತೆ ಟಯರು ಹಾಕಿಸಿಕೊಟ್ಟರು, ಕ್ಲಚ್ಚು ಅವರ ಭವಿಷ್ಯವಾಣಿಗಿಂತ ಚೆನ್ನಾಗಿಯೇ ಇದೆ. ಸಂಜೆ ಗೇಟಿನ ಹತ್ತಿರ ಆ ಕಾರಿನ ಹಾರ್ನ್ ಕೇಳಿದಾಗಲೆಲ್ಲ ಮನಸ್ಸಿನಲ್ಲೇ ಇಬ್ಬರಿಗೆ ಕೈಮುಗಿಯುತ್ತೇನೆ. ಒಬ್ಬರು ವಾಸನೆ ಹಿಡಿದವರು, ಇನ್ನೊಬ್ಬರು ಅದನ್ನು ಒಪ್ಪಿಕೊಂಡವರು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಹೋದ ವಾರ ಜಯಶ್ರೀಯ ತಮ್ಮ ಸತೀಶ ಬೈಂದೂರಿನಿಂದ ಬಂದಿದ್ದ. ನೆರೆ ನೀರು ಹೊಕ್ಕ ಕಾರೆಂದು ನಿಮಗೆ ತಿಳಿದದ್ದು ಹೇಗೆ ಭಾವ ಎಂದು ಕೇಳಿದ. ಬಾಗಿಲು ತೆಗೆದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು ಎಂದುಬಿಟ್ಟೆ. ಯಾರಿಗೆ ಅನ್ನಿಸಿತು ಎಂದು ನಾನು ಹೇಳಲಿಲ್ಲ, ಅವನು ಕೇಳಲಿಲ್ಲ. ಅಡುಗೆಮನೆಯಿಂದ ಜಯಶ್ರೀ ಕೆಮ್ಮಿದ್ದು ಕೇಳಿಸಿತು. ಪರಿಣಾಮ, ಬರುವ ಭಾನುವಾರ ಬೈಂದೂರಿನಲ್ಲಿ ಅವನು ಕೊಳ್ಳಲಿರುವ ಕಾರನ್ನು ನಾನು ಹೋಗಿ ಪರೀಕ್ಷಿಸಬೇಕು. ಭಾವ ಎಕ್ಸ್‌ಪರ್ಟ್ ಎಂದು ಅವನು ನಾಲ್ಕು ಜನ ಗೆಳೆಯರಿಗೂ ಹೇಳಿಯಾಗಿದೆಯಂತೆ.

ಬೇರೆ ದಾರಿಯಿಲ್ಲದೆ ನಿನ್ನೆ ಬೆಳಿಗ್ಗೆ ಗಿರಿಜಕ್ಕನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬಂಗುಡೆ ಎಣಿಸುತ್ತಾ ಕೇಳಿಸಿಕೊಂಡರು. ಕೊನೆಗೆ, "ಬತ್ತೆ, ಅದಕ್ಕೆಂತ. ಆದ್ರೆ ಭಾನುವಾರ ಯಾಪಾರ ಜೋರ್. ನಾನ್ ಬಪ್ಪು ತನ್ಕ ಬುಟ್ಟಿ ಹತ್ರ ನೀವ್ ಕೂಕಣಿ" ಎಂದರು.

ನಾನು ಒಪ್ಪಿದ್ದೇನೆ. ಜಯಶ್ರೀ ಅವರನ್ನು ಕಾರಿನಲ್ಲಿ ಬೈಂದೂರಿಗೆ ಕರೆದುಕೊಂಡು ಹೋಗುತ್ತಾಳೆ, ನಾನು ಬೀದಿಯಲ್ಲಿ ಮೀನು ಮಾರುತ್ತೇನೆ. ಎಕ್ಸ್‌ಪರ್ಟ್ ಭಾನುವಾರ ಖಂಡಿತ ಬರುತ್ತಾರೆ ಎಂದು ಸತೀಶನಿಗೆ ಫೋನ್ ಮಾಡಿ ತಿಳಿಸಿಯೂ ಆಯಿತು. ಸೀರೆ ಉಟ್ಟು ಬರುತ್ತಾರೆ ಎಂಬುದನ್ನು ಮಾತ್ರ ಇನ್ನೂ ಹೇಳಿಲ್ಲ.