ತೊಗರಿ ವ್ಯಾಪಾರಿ ಪರೀಕ್ಷೆಯ ಪುಸ್ತಕ ಆರಿಸಿದ್ದು

ಗೊತ್ತಿಲ್ಲದ ಮಾಲಿಗೆ ಕೈ ಹಾಕಬಾರದೆಂದು ಗಿರಾಕಿಗಳಿಗೆ ದಿನಾ ಹೇಳುವವನು ನಾನು. ಆದರೂ ಆಗಾಗ ಅಂಥ ಮಾಲು ನನ್ನ ಮನೆಯೊಳಗೇ ಬಂದು ಕೂಡುತ್ತದೆ. ನಿಜಾಮರ ಕಾಲದ ಕೊನೆಗೆ ಹಾಗೆ ಬಂದದ್ದು ಪುಸ್ತಕ.

ಭಾಲ್ಕಿಯಲ್ಲಿ ನನ್ನದು ತೊಗರಿ, ಕಡಲೆಯ ಅಡತಿ; ರೈತರ ಮಾಲನ್ನು ದಲಾಲಿಗೆ ಮಾರಿಸುವ ಅಂಗಡಿ. ನನ್ನ ಹೆಂಡತಿಯ ತಮ್ಮ ಬೀದರದ ಖಜಾನೆ ಕಚೇರಿಯಲ್ಲಿ ಕಾರಕೂನ. ಹಿಸಾಬಿನ, ಅಂದರೆ ಲೆಕ್ಕಪತ್ರದ, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ತಂದರೆ ಮಾತ್ರ ಅವನ ನೌಕರಿ ಪಕ್ಕಾ. ಔರಾದಿನ ಒಬ್ಬ ಅಡತ್ಯಾ ಅವನಿಗೆ ಮಗಳನ್ನು ಕೊಡಲು ಒಪ್ಪಿದ್ದ, ಆದರೆ ಶರತ್ತು ಹಾಕಿದ್ದ: "ಮೊದಲ ಪಾಸಾಗಲಿ, ಆಮ್ಯಾಲ ಅರಿಷಿಣ. ಕಚ್ಚಾ ಮಾಲಿಗೆ ನಾ ಮುಂಗಡ ಕೊಡಂಗಿಲ್ಲ."

ಹುಡುಗಿಯನ್ನು ನೋಡಿ ಬಂದಾಗಿನಿಂದ ಇವನಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ ನನಗೆ ಅಂದಳು, "ಅವಗ ಛಲೋ ಪುಸ್ತಕ ಆರಿಸಿ ಕೊಡ್ರಿ. ನಿಮ್ಮ ಕಣ್ಣಿಗೆ ಹುಳಕ ಕಾಳು ಒಂದೂ ತಪ್ಪಂಗಿಲ್ಲ."

೧. ತೂಕದ ಪುಸ್ತಕ

ಪರೀಕ್ಷೆ ಉರ್ದುವಿನಲ್ಲಿ. ನನಗೆ ಉರ್ದು ಮಾತಾಡಲು ಬರುತ್ತದೆ, ಓದಲು ಬಾರದು. ಬೀದರದ ಚೌಬಾರ ಗೋಪುರದ ಹತ್ತಿರ ಹಳೆ ಪುಸ್ತಕ ಮಾರುವ ಮುದುಕ ಎರಡು ಪುಸ್ತಕ ಮುಂದಿಟ್ಟು, "ಸಾವಕಾರ್ರ, ಪಾಸಾಗ್ಲಾಕ ಈ ತೆಳ್ಳಂದು ಸಾಕು" ಅಂದ. ಎರಡಕ್ಕೂ ಒಂದೇ ಬೆಲೆ. ನಾನು ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿದೆ. ಒಂದೇ ಬೆಲೆಗೆ ಹಗುರ ಮಾಲು ಒಯ್ಯುವ ಹುಚ್ಚ ನಾನಲ್ಲ.

"ಹಗುರ ಕಾಳಿನ್ಯಾಗ ಹುಳ ಇರ್ತದ. ದಪ್ಪಂದು ಕಟ್ಟು" ಅಂದೆ.

ಮುದುಕ ಏನೋ ಹೇಳಲು ಬಾಯಿ ತೆರೆದ. ದುಡ್ಡು ಇಟ್ಟೆ, ಮುಚ್ಚಿದ.

ಪರೀಕ್ಷೆ ಹತ್ತಿರ ಬಂದಾಗ ಹುಡುಗನನ್ನು ಕೇಳಿದೆ, "ಹ್ಯಾಂಗ ನಡದದ ಓದು?"

"ಛಲೋ ನಡದದ ಮಾಮಾ. ಹುಲಿ ಹೊಡದವಗ ಕೊಡೋ ಇನಾಮು ಯಾವ ಲೆಕ್ಕದಾಗ ಬರೀಬೇಕು, ಎಲ್ಲಾ ಬಾಯಿಪಾಠ ಆಗ್ಯದ."

"ಖಜಾನಿಯೊಳಗ ಹುಲಿ ಎಲ್ಲಿಂದ ಬಂತೋ?"

"ಇದು ಜಂಗಲ್ ಇಲಾಖಾದ ಹಿಸಾಬಿನ ಪುಸ್ತಕ ಅದರಿ."

"ಮೊದಲಽ ಯಾಕ ಹೇಳಲಿಲ್ಲ?"

"ಅಕ್ಕನ ಗಂಡ ತಂದಿದ್ದರಾಗ ನಾ ಹ್ಯಾಂಗ ತಪ್ಪು ತಗೀಲಿರಿ?"

ಆ ವರ್ಷ ಪರೀಕ್ಷೆಯಲ್ಲಿ ಹುಲಿ ಬರಲಿಲ್ಲ. ಪಾಸಾದವರಲ್ಲಿ ನಮ್ಮ ಹುಡುಗನೂ ಬರಲಿಲ್ಲ.

೨. ಕೆಂಪು ಗೆರೆ

ಈ ಸಲ ನಾನು ಬುದ್ಧಿ ಓಡಿಸಿದೆ. ಒಮ್ಮೆ ಬೆಳೆ ಕೊಟ್ಟ ಬೀಜವನ್ನೇ ಕೊಳ್ಳಬೇಕು. ಭಾಲ್ಕಿಯಲ್ಲಿ ಅದೇ ಪರೀಕ್ಷೆ ಪಾಸಾಗಿದ್ದ ಒಬ್ಬ ಕಾರಕೂನನಿದ್ದ. ಅವನು ಓದಿದ ಪುಸ್ತಕವನ್ನೇ ಹೊಸದರ ಬೆಲೆ ಕೊಟ್ಟು ತಂದೆ. ನಡುನಡುವೆ ಕೆಂಪು ಗೆರೆ ಎಳೆದಿದ್ದ. "ಕೇರಿ ಹಸನ ಮಾಡಿದ ಮಾಲು ಇದು. ಗೆರಿ ಇದ್ದದ್ದಷ್ಟಽ ಓದು" ಅಂದೆ. ಹುಡುಗ ಅಷ್ಟನ್ನೇ ಓದಿದ. ಅದರಲ್ಲಿ ಒಂದು ಪ್ರಶ್ನೆಯೂ ಬರಲಿಲ್ಲ. ಮತ್ತೆ ಫೇಲು.

ಕಾರಕೂನನ ಮನೆಗೆ ಜಗಳಕ್ಕೆ ಹೋದೆ. ಅವನು ತಣ್ಣಗೆ ಅಂದ, "ನನಗ ತಿಳೀಲಾರದ್ದಕ್ಕ ಗೆರಿ ಹಾಕಿ ಬಿಟ್ಟಿದ್ದೆ ನೋಡ್ರಿ. ಮತ್ತ ಅಲ್ಲಿ ವ್ಯಾಳ್ಯಾ ಹಾಳಾಗಬಾರದಂತ."

"ಮಾರೂ ಮುಂದ ಹೇಳಬೇಕೋ ಬ್ಯಾಡೋ?"

"ನೀವು ತೊಗರಿ ಮಾರೂ ಮುಂದ, ಕೇಳಲಾರದ್ದೆಲ್ಲಾ ಹೇಳ್ತೀರೇನ್ರಿ ಸಾವಕಾರ್ರ?"

ಚಹಾ ಕುಡಿದು ಎದ್ದು ಬಂದೆ.

೩. ಅರ್ಧ ಅದು, ಅರ್ಧ ಇದು

ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮರ ಸರಕಾರ ಹೋಯಿತು. ಅವು ನಗುವ ದಿನಗಳಲ್ಲ. ಎಷ್ಟೋ ಮನೆಗಳು ಹೋದವು, ಮನುಷ್ಯರೂ ಹೋದರು. ಆ ಮಾತು ಇಲ್ಲಿ ಬೇಡ.

ಕಚೇರಿಗಳು ಮತ್ತೆ ತೆರೆದಾಗ ಒಬ್ಬ, ಪರೀಕ್ಷೆ ಇನ್ನು ಇಂಗ್ಲಿಷಿನಲ್ಲಿ ಅಂದ. ಇನ್ನೊಬ್ಬ, ಉರ್ದುವೇ ಇರುತ್ತದೆ ಅಂದ. ದರ ಏರುತ್ತದೋ ಇಳಿಯುತ್ತದೋ ತಿಳಿಯದಾಗ ವ್ಯಾಪಾರಿ ಅರ್ಧ ಮಾಲು ಮಾರಿ ಅರ್ಧ ಇಟ್ಟುಕೊಳ್ಳುತ್ತಾನೆ. ಅದೇ ರೀತಿ ಪರೀಕ್ಷೆಯ ಮೊದಲ ಭಾಗಕ್ಕೆ ಉರ್ದು ಪುಸ್ತಕ, ಎರಡನೆಯದಕ್ಕೆ ಇಂಗ್ಲಿಷ್ ಪುಸ್ತಕ ತಂದುಕೊಟ್ಟೆ.

"ಹಿಂಗ ಓದಿದ್ರ ಹ್ಯಾಂಗ ಮಾಮಾ?"

"ಯಾವ ಸರಕಾರ ಬಂದ್ರೂ ಅರ್ಧಾ ಉಳೀತದ, ಓದು."

ಪರೀಕ್ಷೆಯಲ್ಲಿ, ಯಾವ ಭಾಷೆಯಲ್ಲಾದರೂ ಬರೆಯಿರಿ, ಆದರೆ ಪೂರಾ ಒಂದರಲ್ಲೇ ಬರೆಯಿರಿ ಅಂದರಂತೆ. ಹೊರಗೆ ಬಂದವನನ್ನು ಕೇಳಿದೆ, "ಹ್ಯಾಂಗಾತು?"

"ನೀವು ಹೇಳಿದಂಗಽ ಆತ್ರಿ ಮಾಮಾ. ಅರ್ಧಾ ಉಳೀತು."

೪. ಬಾಯಿ ಪರೀಕ್ಷೆ

ಬರೆದ ಆ ಅರ್ಧವೇ ಬರಹದ ಪರೀಕ್ಷೆಯಲ್ಲಿ ಅವನನ್ನು ಅಂಚಿಗೆ ಹಚ್ಚಿ ಪಾಸು ಮಾಡಿತು. ಇನ್ನು ಉಳಿದದ್ದು ಬಾಯಿ ಪರೀಕ್ಷೆ. ಔರಾದಿನಿಂದ ಹೇಳಿಕೆ ಬಂತು: "ಉದಗೀರದವರು ಹುಡುಗೀನ್ನ ಕೇಳಲತ್ತಾರ. ಇದೊಂದು ಸಲ ನೋಡ್ತೇನಿ." ಹುಡುಗ ಮುಖ ಒಣಗಿಸಿಕೊಂಡು ಕೇಳಿದ, "ಈಗ ಯಾವ ಪುಸ್ತಕ ಮಾಮಾ?"

"ಪುಸ್ತಕ ಸಾಕು. ರಜಾ ಹಾಕಿ ಅಡತಿಯೊಳಗ ಕೂಡು. ಹಿಸಾಬ ಅಲ್ಲಿ ಅದ."

ಸುಗ್ಗಿಯಲ್ಲಿ ನನ್ನ ಪಕ್ಕದಲ್ಲೇ ಕೂತ. ನಮ್ಮಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಮೇಲೆ ವಸ್ತ್ರ ಹೊದಿಸಿ, ಅದರೊಳಗೆ ದರಕ್ಕೆ ತಕ್ಕಷ್ಟು ಬೆರಳು ಹಿಡಿದು ಸೌದಾ ಮಾಡುತ್ತೇವೆ. ಕೂಗಿ ಹೇಳಿದರೆ ಬಾಜಾರ ಕೆಡುತ್ತದೆ. ಅದನ್ನು ಚೆನ್ನಾಗಿ ಕಲಿತ.

ಪರೀಕ್ಷೆ ಮಾಡುವ ಸಾಹೇಬ ಬಳ್ಳಾರಿ ಕಡೆಯವ, ಹೊಸದಾಗಿ ಬಂದವ. "ಸರ್ಕಾರಕ್ಕೆ ತೊಗರಿ ಕೊಳ್ಳಬೇಕು. ಏನು ದರ ಹೇಳ್ತೀಯಪ್ಪಾ?" ಅಂದನಂತೆ. ಹುಡುಗ ಹೆಗಲ ಮೇಲಿನ ವಸ್ತ್ರ ತೆಗೆದು ಬಲಗೈಗೆ ಹೊದಿಸಿ ಮೇಜಿನಾಚೆ ಚಾಚಿದ.

"ಏನಿದು?"

"ಕೈ ಹಾಕ್ರಿ ಸಾಹೇಬ್ರ, ದರ ಹೇಳ್ತೀನಿ."

ಪಕ್ಕದ ಗುಮಾಸ್ತ ಲಂಚವೆಂದು ತಿಳಿದು ಕಿಟಕಿಯ ಕಡೆ ಮುಖ ಮಾಡಿದ. ಸಾಹೇಬ ಕೈ ಹಾಕಿದ. ಹುಡುಗ ಬೆರಳಿನ ಲೆಕ್ಕ ತಿಳಿಸಿ, ದರ ಬಾಯಿಬಿಟ್ಟು ಹೇಳಬಾರದು ಅಂದ. ಬೆರಳಲ್ಲೇ ಚೌಕಾಸಿ ನಡೆಯಿತು. ಸಾಹೇಬನಿಗೆ ರುಚಿ ಹತ್ತಿತು. "ಸರಿ, ಈಗ ನಿನಗೆಷ್ಟು ಮಾರ್ಕು ಕೊಡಲಿ?" ಅಂದ, ಕೈ ತೆಗೆಯಲಿಲ್ಲ. ಮತ್ತೆ ಬೆರಳು ಆಡಿದವು.

ಗುಮಾಸ್ತ ತಿರುಗಿ ಕೇಳಿದ, "ಎಷ್ಟು ಬರೀಲ್ರಿ?"

"ಬಾಯಿಬಿಟ್ಟು ಹೇಳಬಾರದಂತಯ್ಯ. ಪಾಸು ಅಂತ ಬರಿ."

ಸುದ್ದಿ ಕೇಳಿ ಔರಾದಿನ ಅಡತ್ಯಾ ಭಾಲ್ಕಿಗೆ ಬಂದ. ನನ್ನ ಗಾದಿಯ ಮೇಲೆ ಕೂತು ಕೇಳಿದ, "ಪಾಸಾಗೀದಿ, ಖರೇ. ಮಾರ್ಕು ಎಷ್ಟು?" ಹುಡುಗ ವಸ್ತ್ರ ಹೊದಿಸಿ ಕೈ ಚಾಚಿದ. ಅಡತ್ಯಾ ಕೈ ಹಾಕಿ ಬೆರಳು ಮುಟ್ಟಿ ನೋಡಿದ. ಮುಖ ಸಣ್ಣದಾಯಿತು.

"ಇಷ್ಟಽ?"

"ಇಷ್ಟಽ ರೀ ಮಾವಾರ."

ಅಡತ್ಯಾ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ವಸ್ತ್ರದೊಳಗೇ ಹುಡುಗನ ಇನ್ನೆರಡು ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದು, "ಆಯ್ತು, ಸೌದಾ ಆತು. ಇನ್ನ ಈ ಮಾಲು ನಂದು. ಔರಾದದಾಗ ಮಾರ್ಕು ಎಷ್ಟಂತ ಕೇಳಿದವರಿಗೆ ಇದರ ದರ ನಾ ಹೇಳಿದ್ದಽ" ಅಂದ.